ಏಳು ಗಂಟೆಯ ಆಕಾಶ

"ದಸರಾಗೆ ಬರ್ತೀನಿ ಮಾವ. ಕೆ.ಆರ್. ಸರ್ಕಲ್ ಹತ್ರ ನಿಮ್ಮ ಸ್ನೇಹಿತರ ಕಟ್ಟಡ ಇದೆಯಲ್ಲ, ಅದರ ಟೆರೇಸಿಂದ ಅರಮನೆ ದೀಪದ್ದು ಒಂದು ಒಳ್ಳೇ ಫೋಟೊ ತೆಗೀಬೇಕು."

"ದಸರಾಗೆ ಬಾ, ಜಂಬೂಸವಾರಿ ನೋಡು, ಹಬ್ಬದೂಟ ಮಾಡು. ಫೋಟೊಗೇ ಬರೋದಾದ್ರೆ ಜೂನಲ್ಲಿ ಬಾ."

ಅಕ್ಕನ ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಸಂಬಳ ಕೂಡಿಟ್ಟು ಹೊಸ ಕ್ಯಾಮರಾ ಕೊಂಡಿದ್ದಾಳೆ. ಮಾವ ಮೈಸೂರಿನಲ್ಲಿ ಫಿಲ್ಮ್ ರೋಲಿನ ಕಾಲದಿಂದ ಸ್ಟುಡಿಯೊ ನಡೆಸಿ, ಈಗ ಅದನ್ನು ಮಗನಿಗೆ ವಹಿಸಿ ಆರಾಮಾಗಿ ಇರುವವರು. ಜೂನ್ ಎಂಬ ಸಲಹೆ ಅವಳಿಗೆ ತಮಾಷೆಯಂತೆ ಕೇಳಿಸಿತು. ಊರಿಗೆ ಊರೇ ದೀಪ ಹಚ್ಚಿಕೊಂಡು ನಿಲ್ಲುವ ಹತ್ತು ದಿನ ಬಿಟ್ಟು, ಮೋಡ ಮುಸುಕಿದ ಒಂದು ಸಾಧಾರಣ ಭಾನುವಾರ ಬಾ ಅಂದರೆ ಏನರ್ಥ?

"ಅರಮನೆ ದೀಪ ಗಡಿಯಾರ ನೋಡ್ಕೊಂಡು ಹತ್ತತ್ತೆ ಪುಟ್ಟಿ. ಆಕಾಶ ಕಪ್ಪಾಗೋದು ಸೂರ್ಯನ್ನ ನೋಡ್ಕೊಂಡು. ಎರಡೂ ಕೂಡಿ ಬರೋ ತಿಂಗಳು ಬೇರೆ, ನೀವೆಲ್ಲ ಕ್ಯಾಮರಾ ತಗೊಂಡು ಬರೋ ತಿಂಗಳು ಬೇರೆ."

ಹಿರಿಯರ ಮಾತಿನ ಹಿಂದಿರುವುದು ಬರೀ ಪಂಚಾಂಗದ ಲೆಕ್ಕ. ಭಾನುವಾರಗಳಂದು, ರಾಷ್ಟ್ರೀಯ ಹಬ್ಬಗಳಂದು ಮೈಸೂರು ಅರಮನೆಯ ದೀಪ ಬೆಳಗುವುದು ಸಂಜೆ 7 ಗಂಟೆಗೆ. ಮುಕ್ಕಾಲು ಗಂಟೆಯ ಹೊತ್ತು ಉರಿದು ಆರುತ್ತದೆ. ಬೇಸಿಗೆಗೊಂದು, ಚಳಿಗಾಲಕ್ಕೊಂದು ವೇಳೆ ಅಂತಿಲ್ಲ. ಸೂರ್ಯ ಹಾಗಲ್ಲ. ಜೂನ್ ಕೊನೆಯಲ್ಲಿ ಮೈಸೂರಿನಲ್ಲಿ ಅವನು ಮುಳುಗುವುದು 6.50ರ ಆಸುಪಾಸಿನಲ್ಲಿ. ಅಕ್ಟೋಬರ್ ಮಧ್ಯದ ಹೊತ್ತಿಗೆ ಅದು 6.05ಕ್ಕೆ ಬಂದಿರುತ್ತದೆ, ನವೆಂಬರ್ ಕೊನೆಗೆ 6 ಗಂಟೆಗೂ ಮುಂಚೆ. ಸಮಭಾಜಕ ವೃತ್ತದಿಂದ 12 ಡಿಗ್ರಿ ಮೇಲಿರುವ ಈ ಊರಿನಲ್ಲಿ ಸೂರ್ಯ ಓರೆಯಾಗಿ ಜಾರುವುದಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಮುಳುಗಿದ 20 ನಿಮಿಷಕ್ಕೆ ಮಬ್ಬು, ಮುಕ್ಕಾಲು ಗಂಟೆಗೆ ಪೂರಾ ಕತ್ತಲು. ಅಂದರೆ ದಸರೆಯಲ್ಲಿ ಏಳು ಗಂಟೆಗೆ ದೀಪ ಹತ್ತುವಾಗ ಹಿಂದಿನ ಆಕಾಶ ಆಗಲೇ ಕರಿಹಲಗೆ. ಜೂನಿನಲ್ಲಾದರೆ ಅದೇ ಏಳಕ್ಕೆ ನೀಲಿ ಇನ್ನೂ ಇಳಿಯುತ್ತಿರುತ್ತದೆ.

"ಸರಿ, ನೀಲಿ ಇದ್ರೆ ಚೆಂದ, ಒಪ್ಕೊಂಡೆ. ಆದ್ರೆ ಕಪ್ಪು ಆಕಾಶದ ಮೇಲೆ ಚಿನ್ನದ ಅರಮನೆ ಕೂಡ ಚೆಂದಾನೇ ಅಲ್ವಾ? ಕ್ಯಾಲೆಂಡರ್‌ನಲ್ಲೆಲ್ಲ ಅದೇ ಇರೋದು."

"ಕ್ಯಾಲೆಂಡರ್‌ನಲ್ಲಿ ಅರಮನೆ ಎಲ್ಲಿದೆ? ಬಲ್ಬಿದೆ."

ಈ ಮಾತು ಒರಟಾಗಿದ್ದರೂ ಸುಳ್ಳಲ್ಲ. ಅರಮನೆಯ ಮೇಲಿರುವ ಬಲ್ಬುಗಳು ಸುಮಾರು 97,000 ಎಂದು ಸಾಮಾನ್ಯವಾಗಿ ಹೇಳುವ ಲೆಕ್ಕ. ಬಾಯಿಮಾತಿನಲ್ಲಿ ಒಂದು ಲಕ್ಷ. ಅವು ಗೋಡೆಯ ಮೇಲೆ ಬೆಳಕು ಚೆಲ್ಲುವ ಫ್ಲಡ್‌ಲೈಟುಗಳಲ್ಲ. ಕಮಾನಿನ ಅಂಚು, ಗುಮ್ಮಟದ ಏಣು, ಗೋಪುರದ ಸುತ್ತು, ಹೆಬ್ಬಾಗಿಲಿನ ನೆತ್ತಿ, ಹೀಗೆ ರೇಖೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಸಾಲಾಗಿ ಕೂತಿವೆ. ರಾತ್ರಿ ಕಾಣುವುದು ಕಟ್ಟಡದ ಚುಕ್ಕಿ ರಂಗೋಲಿ, ಕಲ್ಲು ಕಾಣುವುದಿಲ್ಲ. ಬೂದು ಗ್ರಾನೈಟ್ ಗೋಡೆ, ನಸುಗೆಂಪು ಗುಮ್ಮಟ, 145 ಅಡಿ ಎತ್ತರದ ನಡುಗೋಪುರದ ಭಾರ, ಇವೆಲ್ಲ ಕತ್ತಲಲ್ಲಿ ಕರಗಿ, ಉಳಿಯುವುದು ಗೆರೆ ಮಾತ್ರ. ಆಕಾಶದಲ್ಲಿ ಒಂದಿಷ್ಟು ಬೆಳಕು ಉಳಿದಿದ್ದರೆ ಗೆರೆಯ ಒಳಗೆ ಮೈಯೂ ಕಾಣಿಸುತ್ತದೆ.

ಹುಡುಗಿ ಸುಮ್ಮನಾದಳು. ಒಪ್ಪಿ ಸುಮ್ಮನಾದದ್ದಲ್ಲ, ಫೋನಿನಲ್ಲಿ ಸೂರ್ಯಾಸ್ತದ ಕೋಷ್ಟಕ ತೆಗೆದು ಪರೀಕ್ಷೆ ಮಾಡುತ್ತಿದ್ದಳು. "ಆಗಸ್ಟ್ 15ಕ್ಕೆ ಸೂರ್ಯಾಸ್ತ 6.45. ಅವತ್ತು ದೀಪಾನೂ ಇರತ್ತೆ. ಜನವರಿ 26ಕ್ಕೂ ದೀಪ ಇರತ್ತೆ, ಆದ್ರೆ 6.22ಕ್ಕೇ ಮುಳುಗಿಬಿಡತ್ತೆ."

"ನೋಡು, ಸ್ವಾತಂತ್ರ್ಯ ಬಂದ ದಿನ ಆಕಾಶ ನೀಲಿ, ಗಣರಾಜ್ಯ ಆದ ದಿನ ಕಪ್ಪು. ಮಾರ್ಚಿಂದ ಆಗಸ್ಟ್ ಕೊನೇವರೆಗೆ ನಿನ್ನ ಕಾಲ."

"ಮಳೆ?"

"ಮೈಸೂರಿನ ಜೂನ್ ಅಂದ್ರೆ ಮಡಿಕೇರಿ ಜೂನ್ ಅಲ್ಲಮ್ಮ. ಘಟ್ಟ ತಡೆದು ಮಿಕ್ಕಿದ್ದು ನಮಗೆ. ಇಲ್ಲಿ ಜೋರು ಮಳೆ ಮೇನಲ್ಲಿ, ಆಮೇಲೆ ನಿನ್ನ ದಸರಾ ಸಮಯದಲ್ಲೇ."

ಅವಳು ಬಂದದ್ದು ಜೂನಿನ ಒಂದು ಭಾನುವಾರ ಬೆಳಿಗ್ಗೆ. ತಿಂಡಿಯ ತಟ್ಟೆ ಎತ್ತುವ ಮೊದಲೇ ಎರಡನೆಯ ಜಗಳ ಶುರುವಾಯಿತು: ಯಾವ ಟೆರೇಸು?

ಅವಳ ಲೆಕ್ಕದಲ್ಲಿ ಎತ್ತರ ಹೆಚ್ಚಿದಷ್ಟೂ ನೋಟ ಒಳ್ಳೆಯದು. ಹಾಗಾದರೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆಯ ಜಾಗ ಇನ್ನೊಂದಿರಬಾರದು. ಊರಿಗಿಂತ ಸಾವಿರ ಅಡಿ ಮೇಲಿದೆ. ಆದರೆ ಬೆಟ್ಟದ ನೆತ್ತಿಯಿಂದ ಅರಮನೆ ನೇರ ದೂರದಲ್ಲೇ ಸುಮಾರು 4 ಕಿಲೋಮೀಟರ್. 400 ಎಂಎಂ ಲೆನ್ಸ್ ಹಾಕಿದರೂ 245 ಅಡಿ ಉದ್ದದ ಅರಮನೆ ಚೌಕಟ್ಟಿನ ಐದನೇ ಒಂದು ಭಾಗ ತುಂಬುತ್ತದೆ ಅಷ್ಟೇ. ನಡುವೆ 4 ಕಿಲೋಮೀಟರ್ ಗಾಳಿ, ದೂಳು, ಹೊಗೆ, ದಿನವಿಡೀ ಕಾದ ತಾರಸಿಗಳಿಂದ ಏಳುವ ಬಿಸಿಯಲೆ. ಮೇಲಾಗಿ ಬೆಟ್ಟದಿಂದ ನೋಡುವವನು ಕೆಳಗೆ ನೋಡುತ್ತಾನೆ. ಅರಮನೆಯ ಹಿಂದೆ ಆಕಾಶ ಬರುವುದಿಲ್ಲ, ಊರು ಬರುತ್ತದೆ.

"ಟೆರೇಸಿನ ಲಾಭ ಅದೇ. ಗುಮ್ಮಟದ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ನಿಂತಿರ್ತೀಯ. ಮರ, ಕಂಬ, ಬಸ್ಸು ಕೆಳಗಾಗತ್ತೆ. ಗೋಪುರ ಆಕಾಶದಲ್ಲೇ ಉಳಿಯತ್ತೆ. ಮೂರು ಮಹಡಿ ಸಾಕು. ಹತ್ತು ಮಹಡಿ ಹತ್ತಿದ್ರೆ ಅರಮನೆ ಚಪ್ಪಟೆ ಆಗೋಗತ್ತೆ."

"ಆದ್ರೆ ಮಾವ, ಕೆ.ಆರ್. ಸರ್ಕಲ್ ಇರೋದು ಅರಮನೆಯ ವಾಯವ್ಯಕ್ಕೆ. ಅರಮನೆ ಮುಖ ಪೂರ್ವಕ್ಕೆ. ನಮಗೆ ಬೆನ್ನೇ ತಾನೇ ಸಿಗೋದು?"

ಒಳ್ಳೆಯ ಪ್ರಶ್ನೆ, ನಕ್ಷೆ ನೋಡದೆ ಟ್ರೈಪಾಡ್ ಹೊತ್ತು ಹೋಗುವ ಬಹಳ ಮಂದಿಗೆ ಇದು ಟೆರೇಸು ಹತ್ತಿದ ಮೇಲೆ ಹೊಳೆಯುತ್ತದೆ. ಅರಮನೆಯ ಮುಂದೆ, ಪೂರ್ವಕ್ಕೆ, ಜಯಮಾರ್ತಾಂಡ ದ್ವಾರ. ಅದರಾಚೆ ದೊಡ್ಡಕೆರೆ ಮೈದಾನ, ವಸ್ತುಪ್ರದರ್ಶನದ ಬಯಲು. ಆ ಕಡೆ ಹತ್ತಿರದಲ್ಲಿ ಎತ್ತರದ ಟೆರೇಸುಗಳೇ ಕಡಿಮೆ. ಮನೆ, ಲಾಡ್ಜು, ಅಂಗಡಿ ಸಾಲು ಒತ್ತಾಗಿರುವುದು ಉತ್ತರಕ್ಕೆ ಮತ್ತು ಪಶ್ಚಿಮಕ್ಕೆ: ಸಯ್ಯಾಜಿ ರಾವ್ ರಸ್ತೆ, ಅಶೋಕ ರಸ್ತೆ, ದೊಡ್ಡ ಗಡಿಯಾರದ ಸುತ್ತು. ಹಾಗಾಗಿ ಟೆರೇಸಿನಿಂದ ತೆಗೆದ ಅರಮನೆ ಯಾವಾಗಲೂ ಓರೆನೋಟದ ಅರಮನೆ.

ಮಾವನಿಗೆ ಇದು ಕೊರತೆಯಾಗಿ ಕಾಣುವುದಿಲ್ಲ. "ಮುಖ ಬೇಕಾದ್ರೆ ಒಳಗೆ ಆವರಣಕ್ಕೇ ಹೋಗಿ ನಿಂತ್ಕೊ, ನಿನ್ ಪಕ್ಕ ಸಾವಿರ ಜನ ಅದನ್ನೇ ತೆಗೀತಿರ್ತಾರೆ. ವಾಯವ್ಯದಿಂದ ನೋಡಿದ್ರೆ ಎರಡು ಲಾಭ. ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಉಳಿಯೋ ಬೆಳಕು ಬೀಳೋದು ಈ ಮೈಮೇಲೆ, ಮುಖದ ಮೇಲಲ್ಲ. ಇನ್ನೊಂದು, ಇಲ್ಲಿಂದ ಅರಮನೆ ನೋಡಿದ್ರೆ ಅದರ ಬೆನ್ನಿಗೆ ಏನಿದೆ ಹೇಳು?"

ಅವಳು ಫೋನಿನ ನಕ್ಷೆಯಲ್ಲಿ ಬೆರಳೆಳೆದಳು. ಕೆ.ಆರ್. ಸರ್ಕಲ್, ಅರಮನೆ, ಮುಂದೆ ಆಗ್ನೇಯಕ್ಕೆ ಅದೇ ಗೆರೆ ಹಿಡಿದು ಹೋದರೆ... "ಚಾಮುಂಡಿ ಬೆಟ್ಟ!"

"ಹೂಂ. ಟೆರೇಸಿಂದ ಅರಮನೆ ಅರ್ಧ ಕಿಲೋಮೀಟರ್ ಒಳಗೆ, ಬೆಟ್ಟ ನಾಲ್ಕಕ್ಕೂ ಆಚೆ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ. 200 ಎಂಎಂ ಹಾಕಿದ್ರೆ ಅರಮನೆ ಚೌಕಟ್ಟು ತುಂಬತ್ತೆ, ಹಿಂದೆ ಬೆಟ್ಟ ಬಂದು ಕೂರತ್ತೆ. ಆದ್ರೆ ದಸರಾದಲ್ಲಿ ತೆಗೆದ್ರೆ ಬೆಟ್ಟ ಎಲ್ಲಿ ಅಂತ ಹುಡುಕಬೇಕು. ಕತ್ತಲಲ್ಲಿ ಕತ್ತಲು. ಜೂನಲ್ಲಿ ಅದರ ಅಂಚು ಕಾಣತ್ತೆ."

ಟೆರೇಸಿನ ವಿಷಯದಲ್ಲಿ ಮಾವನ ಒಂದು ನಿಯಮ ಮಾತ್ರ ಚರ್ಚೆಗೆ ಸಿಗುವಂಥದ್ದಲ್ಲ: ಹಳೆಯ ಮದ್ರಾಸ್ ತಾರಸಿಯ ಮೇಲೆ ಹತ್ತಕೂಡದು. ಮರದ ತೊಲೆ, ಇಟ್ಟಿಗೆ, ಗಾರೆಯ ಈ ಮಾಡುಗಳು ಮೈಸೂರಿನ ಹಳೆಯ ಪೇಟೆಯಲ್ಲಿ ಇನ್ನೂ ಬೇಕಾದಷ್ಟಿವೆ. ನೀರಿಳಿದರೆ ತೊಲೆ ಒಳಗೊಳಗೇ ಕೊಳೆಯುತ್ತದೆ, ಮೇಲಿಂದ ಗೊತ್ತಾಗುವುದಿಲ್ಲ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಕುಸಿಯಿತು. ಎರಡೂ ಅರಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ಎರಡೂ ಪಾರಂಪರಿಕ ಕಟ್ಟಡ, ಎರಡೂ ಮಳೆಗಾಲದ ಘಟನೆ. ಒಳ್ಳೆಯ ಕೋನಕ್ಕಾಗಿ ಯಾರದೋ ಹಳೆಯ ಮಾಳಿಗೆ ಏರುವವರು ಇವನ್ನು ನೆನಪಿಡುವುದು ಒಳ್ಳೆಯದು. ಆರ್‌ಸಿಸಿ ಟೆರೇಸು, ಎದೆಮಟ್ಟದ ಪ್ಯಾರಪೆಟ್, ಮಾಲೀಕರ ಒಪ್ಪಿಗೆ, ಇವು ಮೂರೂ ಇದ್ದರೆ ಮಾತ್ರ ಮುಂದಿನ ಮಾತು.

ಮಧ್ಯಾಹ್ನ ಊಟದ ಹೊತ್ತಿಗೆ ಮಾತು ಬಲ್ಬಿನ ಕಡೆಗೆ ಹೊರಳಿತು. ಕಟ್ಟಡದ ಅಂಚಿಗೆಲ್ಲ ಬಲ್ಬು ಕಟ್ಟುವ ಯೋಚನೆ ಯಾರಿಗೆ ಬಂತು ಎಂದು ಅವಳು ಕೇಳಿದಳು. ಅದಕ್ಕೆ ಮಾವ ಹೆಸರು ಹೇಳಲಿಲ್ಲ, ಕಾಲ ಹೇಳಿದರು.

ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಸಿಕ್ಕಿತು. ಆಗ ರೀಜೆಂಟ್ ಆಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ, ಶಿಮ್ಲಾದ ವೈಸ್‌ರಾಯ್ ನಿವಾಸ ಕಟ್ಟಿದ್ದ ಹೆನ್ರಿ ಇರ್ವಿನ್‌ಗೆ ಹೊಸ ಅರಮನೆಯ ಕೆಲಸ ಒಪ್ಪಿಸಿದರು. ಈ ಸಲ ಮರವಲ್ಲ. ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣ. 1912ರಲ್ಲಿ ಮುಗಿದಾಗ ಆದ ಖರ್ಚು 41 ಲಕ್ಷ ರೂಪಾಯಿಗೂ ಮೇಲೆ. ಇದೇ ವರ್ಷಗಳಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ.

"ಅಂದ್ರೆ ಊರಿಗೆ ಕರೆಂಟ್ ಬಂದ ನಾಲ್ಕೇ ವರ್ಷಕ್ಕೆ ಅರಮನೆ ಮುಗೀತು. ಬೆಂಕಿಗೆ ಹೆದರಿ ಕಟ್ಟಿದ ಮನೆಗೆ ಬೆಂಕಿ ಇಲ್ಲದ ದೀಪ ಸಿಕ್ತು" ಎಂದರು ಮಾವ. ಕೊಂಚ ನಾಟಕೀಯವಾದ ಮಾತು. ಆದರೂ ತೇದಿಗಳು ಅವರ ಪರವಾಗಿಯೇ ಇವೆ.

ಸಂಜೆ ಆರೂ ಕಾಲಿಗೆ ಟೆರೇಸು. ನೀರಿನ ಟ್ಯಾಂಕಿನ ನೆರಳು ತಪ್ಪಿಸಿ, ಪ್ಯಾರಪೆಟ್‌ಗೆ ತಾಗದ ಹಾಗೆ ಟ್ರೈಪಾಡ್ ನಿಲ್ಲಿಸುವುದಕ್ಕೆ ಹಿರಿಯರು ಬಹಳ ಹೊತ್ತು ತೆಗೆದುಕೊಂಡರು. ನೀರೆತ್ತುವ ಮೋಟರ್ ಓಡಿದರೆ ನೆಲ ನಡುಗುತ್ತದೆ. ಅದನ್ನು ಒಂದು ಗಂಟೆ ನಿಲ್ಲಿಸುವಂತೆ ಕೆಳಗೆ ಹೇಳಿ ಬಂದರು. ಲೆನ್ಸಿನೊಳಗಿನ ನಡುಕ ತಡೆಯುವ ವ್ಯವಸ್ಥೆಯನ್ನು ಆಫ್ ಮಾಡಿಸಿದರು. ಟ್ರೈಪಾಡಿನ ಮೇಲೆ ಅದು ಕೆಲವೊಮ್ಮೆ ಇಲ್ಲದ ನಡುಕ ಹುಡುಕಿ ತಾನೇ ಅಲುಗುತ್ತದೆ. ಬೆಳಕಿರುವಾಗಲೇ ಗೋಪುರದ ಅಂಚಿಗೆ ಫೋಕಸ್ ಹಿಡಿದು, ಮ್ಯಾನ್ಯುಅಲ್‌ಗೆ ಬದಲಿಸಿಟ್ಟದ್ದಾಯಿತು.

"ಇಷ್ಟೆಲ್ಲ ಯಾಕೆ ಮಾವ? ನನ್ನ ಫೋನಲ್ಲಿ ನೈಟ್ ಮೋಡ್ ಒತ್ತಿದ್ರೆ ಆಯ್ತು."

"ಒತ್ತು, ಬೇಡ ಅಂದೋರ್ಯಾರು? ಅದು ಸಾಲಾಗಿ ಹತ್ತಾರು ಚಿತ್ರ ತೆಗೆದು ಒಂದರ ಮೇಲೊಂದು ಜೋಡಿಸತ್ತೆ. ಕೈ ನಡುಗಿದ್ರೂ ಸರಿಮಾಡ್ಕೊಳತ್ತೆ. ಆದ್ರೆ ಕತ್ತಲು ಅಂದ್ರೆ ಅದಕ್ಕೆ ಆಗಲ್ಲ; ಕಪ್ಪಿರೋ ಕಡೆಯೆಲ್ಲ ಎತ್ತಿ ಬೂದಿ ಮಾಡತ್ತೆ. ದೂರದ್ದನ್ನ ಜೂಮ್ ಮಾಡಿದ್ಯೋ, ಬಲ್ಬಿನ ಸಾಲು ಹೋಗಿ ಹಳದಿ ಪಟ್ಟಿ ಬರತ್ತೆ."

7 ಗಂಟೆಗೆ ದೀಪ ಒಂದೇ ಸಲಕ್ಕೆ ಹತ್ತಿತು. ಕೆಳಗೆ ರಸ್ತೆಯಲ್ಲಿ ಸ್ಕೂಟರುಗಳು ನಿಂತವು. ಅವಳು ತಡಮಾಡದೆ ಕ್ಲಿಕ್ಕಿಸಿ ಪರದೆ ನೋಡಿದಳು: ಬಲ್ಬುಗಳೆಲ್ಲ ಮಂಕು, ಆಕಾಶವೇ ಹೆಚ್ಚು ಬೆಳ್ಳಗೆ.

"ಕಾಯಿ" ಎಂದರು ಮಾವ. "ಬಲ್ಬಿನ ಬೆಳಕು ಹಾಗೇ ಇರತ್ತೆ. ಆಕಾಶದ್ದು ಈಗ ಮೂರ್ನಾಲ್ಕು ನಿಮಿಷಕ್ಕೊಂದ್ಸಲ ಅರ್ಧಕ್ಕರ್ಧ ಇಳೀತಾ ಹೋಗತ್ತೆ. ಎರಡೂ ಸಮ ಆಗೋ ಹೊತ್ತು ಬರತ್ತೆ, ಹೆಚ್ಚು ಹೊತ್ತು ಇರಲ್ಲ."

ರಾತ್ರಿ ಛಾಯಾಗ್ರಹಣದ ಪಾಠಗಳು ಅಪರ್ಚರ್, ಶಟರ್, ಐಎಸ್‌ಒಗಳ ಬಗ್ಗೆ ಪುಟಗಟ್ಟಲೆ ಹೇಳುತ್ತವೆ; ನಿಜವಾದ ನಿಯಂತ್ರಣ ಇರುವುದು ಈ ಇಳಿಯುವ ಆಕಾಶದಲ್ಲಿ. ಐಎಸ್‌ಒ 100, ಎಫ್/8 ಇಟ್ಟು ಮುಟ್ಟದೆ ಬಿಟ್ಟರೂ ನಡೆಯುತ್ತದೆ. 7.05ರ ಸುಮಾರಿಗೆ ಒಂದು ಸೆಕೆಂಡ್ ಕೊಟ್ಟ ಆಕಾಶಕ್ಕೆ 7.15ರಲ್ಲಿ ಹಲವು ಸೆಕೆಂಡ್ ಬೇಕಾಗುತ್ತದೆ. ಆದರೆ ಬಲ್ಬುಗಳು ಅಷ್ಟನ್ನು ತಾಳುವುದಿಲ್ಲ. ಹಳದಿ ಬೆಳಕಿನಲ್ಲಿ ಕೆಂಪಿನ ಪಾಲು ಹೆಚ್ಚು. ಸೆನ್ಸರಿನಲ್ಲಿ ಮೊದಲು ಕೆಂಪು ತುಂಬಿ ಚೆಲ್ಲುತ್ತದೆ, ಹಿಂದೆಯೇ ಹಸಿರು, ಕೊನೆಗೆ ನೀಲಿಯೂ ತುಂಬಿದಾಗ ಬಲ್ಬು ಬಿಳಿಯ ಚುಕ್ಕೆಯಾಗುತ್ತದೆ. ಅಂತರ್ಜಾಲದಲ್ಲಿ ಕಾಣುವ ಎಷ್ಟೋ ಅರಮನೆ ಚಿತ್ರಗಳಲ್ಲಿ ಚಿನ್ನದ ಬಣ್ಣ ಹೋಗಿ ಟ್ಯೂಬ್‌ಲೈಟ್ ಬಣ್ಣ ಬರುವುದು ಹೀಗೆ. ಕ್ಯಾಮರಾದ ಮೀಟರ್ ಹೇಳಿದ್ದಕ್ಕಿಂತ ಒಂದೆರಡು ಸ್ಟಾಪ್ ಕಡಿಮೆ ಇಟ್ಟು, ರಾ ಫೈಲಿನಲ್ಲಿ ತೆಗೆದರೆ ನೆರಳನ್ನು ಆಮೇಲೆ ಎತ್ತಿಕೊಳ್ಳಬಹುದು. ಚೆಲ್ಲಿಹೋದ ಬೆಳಕನ್ನು ಎತ್ತಲು ಬರುವುದಿಲ್ಲ.

ವೈಟ್ ಬ್ಯಾಲೆನ್ಸ್ ಕೂಡ ಕ್ಯಾಮರಾಕ್ಕೆ ಬಿಡುವ ಸಂಗತಿಯಲ್ಲ. ಫಿಲಮೆಂಟ್ ಬಲ್ಬಿನ ಬೆಳಕು 2,700 ಕೆಲ್ವಿನ್ ಆಸುಪಾಸಿನದು. ಕ್ಯಾಮರಾವನ್ನೂ ಅಲ್ಲಿಗೇ ತಂದರೆ ಬಲ್ಬು ಬೆಳ್ಳಗಾಗುತ್ತದೆ, ಆಕಾಶ ಕಡುನೀಲಿಯಾಗುತ್ತದೆ. 4,000ದ ಹತ್ತಿರ ಇಟ್ಟರೆ ಹಳದಿ ಉಳಿಯುತ್ತದೆ, ನೀಲಿಗೂ ಮೋಸವಿಲ್ಲ. ಇದರಲ್ಲಿ ಸರಿ ತಪ್ಪು ಅಂತಿಲ್ಲ, ಆದರೆ ಹಳದಿಯಿಲ್ಲದ ಮೈಸೂರು ಅರಮನೆ ಮೈಸೂರಿನವರ ಕಣ್ಣಿಗೆ ಹಿಡಿಸುವುದು ಕಷ್ಟ.

"ಫಿಲ್ಮ್ ಕಾಲದಲ್ಲಿ ಪರದೇನೇ ಇರ್ಲಿಲ್ವಲ್ಲ, ಎಷ್ಟು ಸೆಕೆಂಡ್ ಅಂತ ಹೇಗೆ ಗೊತ್ತಾಗ್ತಿತ್ತು?"

"ಅಂದಾಜು. ಒಂದು ಕೊಡು, ಎರಡು ಕೊಡು, ನಾಲ್ಕು ಕೊಡು, ಯಾವುದೋ ಒಂದು ಬರತ್ತೆ. ಪ್ಯಾರಿಸ್‌ನಲ್ಲಿ ಬ್ರಸಾಯ್ ಅಂತ ಇದ್ದ, ರಾತ್ರಿಯೆಲ್ಲ ಬೀದಿ ತಿರುಗಿ ಪ್ಲೇಟ್ ಕ್ಯಾಮರಾದಲ್ಲಿ ತೆಗೀತಿದ್ದ. ಸಿಗರೇಟ್ ಹಚ್ಚಿ ಶಟರ್ ತೆಗೆದ್ರೆ, ಸಿಗರೇಟ್ ಮುಗಿಯೋವರೆಗೆ ಒಂದು ಫೋಟೊ. ಕತ್ತಲು ಜಾಸ್ತಿ ಇದ್ರೆ ದಪ್ಪನೇ ಸಿಗರೇಟ್."

ಬ್ರಸಾಯ್‌ನ ಪ್ಯಾರಿಸ್ ರಾತ್ರಿಯ ಚಿತ್ರಗಳ ಪುಸ್ತಕ 1930ರ ದಶಕದ ಆರಂಭದಲ್ಲಿ ಬಂತು. ಮಂಜಿನ, ಮಳೆಯ ರಾತ್ರಿಗಳನ್ನು ಅವನು ಹುಡುಕಿಕೊಂಡು ಹೋಗುತ್ತಿದ್ದ. ಒದ್ದೆ ಕಲ್ಲುಹಾಸು ಬೀದಿದೀಪವನ್ನು ಎರಡು ಮಾಡಿ ತೋರಿಸುತ್ತದೆ. ಜೂನಿನ ಮೈಸೂರಿನಲ್ಲೂ ಅದೇ ಸೌಕರ್ಯ ಇದೆ. ಒಂದು ಸಣ್ಣ ಮಳೆ ಬಂದು ನಿಂತರೆ ಚಾಮರಾಜ ವೃತ್ತದ ರಸ್ತೆಗಳು ಹೊಳೆಯುತ್ತವೆ, ಬಸ್ಸುಗಳ ಹಿಂದೀಪದ ಗೆರೆ ಎರಡಾಗುತ್ತದೆ.

7.12ರಿಂದ 7.20ರ ನಡುವಿನ ಚಿತ್ರಗಳಲ್ಲಿ ಅರಮನೆ ಸಿಕ್ಕಿತು. ಮೋಡ ಪೂರ್ತಿ ಬಿಟ್ಟಿರಲಿಲ್ಲ, ಬೆಟ್ಟದ ತಲೆಯ ಮೇಲೆ ಒಂದು ತೇಪೆ ಹಾಗೇ ಇತ್ತು. 7.25ಕ್ಕೆ ಬೆಟ್ಟ ಹೋಯಿತು, ಕಲ್ಲು ಹೋಯಿತು. ಚೌಕಟ್ಟಿನಲ್ಲಿ ಕ್ಯಾಲೆಂಡರಿನ ಚಿತ್ರ ಬಂದು ಕೂತಿತ್ತು.

ಹುಡುಗಿಗೆ ಆಗ ಹೊಳೆದದ್ದು ಇವತ್ತಿನ ಕಾಲದ ಪರಿಹಾರ. "ಮಾವ, ಟ್ರೈಪಾಡ್ ಅಲುಗಿಸದೆ ದಸರಾದಲ್ಲೇ 6.20ಕ್ಕೆ ಒಂದು ನೀಲಿ ಆಕಾಶ ತೆಗೆದು, 7ಕ್ಕೆ ಒಂದು ದೀಪ ತೆಗೆದು, ಕಂಪ್ಯೂಟರಲ್ಲಿ ಜೋಡಿಸಿದ್ರೆ? ಜೂನಿಗೆ ಕಾಯೋ ಗೊಡವೇನೇ ಇಲ್ಲ."

"ಜೋಡಿಸ್ತಾರೆ, ತುಂಬಾ ಜನ ಜೋಡಿಸ್ತಾರೆ."

"ತಪ್ಪಾ?"

"ಮದುವೇಲಿ ಬರದೇ ಇದ್ದ ಚಿಕ್ಕಪ್ಪನ್ನ ಗ್ರೂಪ್ ಫೋಟೊಗೆ ಅಂಟಿಸಿಕೊಡಿ ಅಂತ ಕೇಳಿದೋರಿಗೆಲ್ಲ ನಾನು ಅಂಟಿಸಿಕೊಟ್ಟಿದೀನಿ. ನನ್ನ ಹತ್ರ ತಪ್ಪು ಸರಿ ಕೇಳ್ಬೇಡ. ಒಂದು ಹೇಳ್ತೀನಿ: ಒಂದೇ ನಿಮಿಷದೊಳಗೆ ಬೇರೆ ಬೇರೆ ಎಕ್ಸ್‌ಪೋಷರ್ ತೆಗೆದು ಸೇರಿಸಿದ್ರೆ ಅದು ಕಣ್ಣು ನೋಡಿದ್ದೇ. ಕಣ್ಣು ಕ್ಯಾಮರಾಗಿಂತ ಜಾಸ್ತಿ ಹಿಡಿಯತ್ತೆ. ನಲವತ್ತು ನಿಮಿಷದ ಅಂತರದ್ದು ಸೇರಿಸಿದ್ರೆ ಯಾರೂ ನೋಡದೇ ಇದ್ದ ಸಂಜೆ ಅದು. ಪೋಸ್ಟ್‌ಕಾರ್ಡಿಗೆ ಪರವಾಗಿಲ್ಲ. ಪೇಪರಿಗೆ ಕೊಡೋದಾದ್ರೆ ಹೇಳಿ ಕೊಡು."

ಇಲ್ಲಿ ಗೆರೆ ಎಳೆಯುವುದು ಸುಲಭವಲ್ಲ, ಮಾವ ಎಳೆದ ಜಾಗ ಮಾತ್ರ ಒಪ್ಪುವಂಥದ್ದು.

ಟ್ರೈಪಾಡ್ ಮಡಚುವಾಗ ಅವಳು ಇನ್ನೊಂದು ಮಾತು ತೆಗೆದಳು: ಈ ಚಿತ್ರವನ್ನು ಮಾರಬಹುದೇ? ಐಫೆಲ್ ಗೋಪುರದ ರಾತ್ರಿಯ ಚಿತ್ರ ಮಾರಲು ಅನುಮತಿ ಬೇಕು ಎಂದು ಎಲ್ಲೋ ಓದಿದ್ದಳು. ಓದಿದ್ದು ಸರಿ. ಗುಸ್ತಾವ್ ಐಫೆಲ್ ತೀರಿಕೊಂಡದ್ದು 1923ರಲ್ಲಿ, ಆದ್ದರಿಂದ ಗೋಪುರದ ವಿನ್ಯಾಸದ ಮೇಲೆ ಈಗ ಯಾರ ಹಕ್ಕೂ ಇಲ್ಲ. ಆದರೆ 1985ರಲ್ಲಿ ಪಿಯೇರ್ ಬಿಡೋ ರೂಪಿಸಿದ ದೀಪವ್ಯವಸ್ಥೆಯನ್ನು ಅಲ್ಲಿ ಬೇರೆಯೇ ಕೃತಿಯೆಂದು ಎಣಿಸುತ್ತಾರೆ. ಹಗಲಿನ ಗೋಪುರ ಎಲ್ಲರದು, ರಾತ್ರಿಯದನ್ನು ವ್ಯಾಪಾರಕ್ಕೆ ಬಳಸುವುದಾದರೆ ಕೇಳಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ವಿಧಿ ವಾಸ್ತುಕೃತಿಗಳ ಛಾಯಾಚಿತ್ರ ತೆಗೆಯುವುದನ್ನೂ ಪ್ರಕಟಿಸುವುದನ್ನೂ ಉಲ್ಲಂಘನೆಯಲ್ಲ ಎನ್ನುತ್ತದೆ. ಹೆನ್ರಿ ಇರ್ವಿನ್ ಅಂತೂ 1922ರಲ್ಲೇ ಹೋದವರು.

"ಹಾಗಾದ್ರೆ ಯಾರನ್ನೂ ಕೇಳ್ಬೇಕಾಗಿಲ್ಲ."

"ಅರಮನೆಯವರ್ನ ಕೇಳ್ಬೇಕಾಗಿಲ್ಲ. ಟೆರೇಸಿನವರ್ನ ಕೇಳ್ಬೇಕು. ಆಗಸ್ಟ್ 15ಕ್ಕೆ ಮತ್ತೆ ಬರ್ತೀಯ ತಾನೇ? ರಜಾ ದಿನ ಇವ್ರು ಕೆಳಗಿನ ಬಾಗಿಲು ಹಾಕ್ಕೊಂಡು ಊರಿಗೆ ಹೋಗಿರ್ತಾರೆ. ಇಳಿಯೋವಾಗ ಕೀ ಯಾರ ಹತ್ರ ಬಿಟ್ಟು ಹೋಗ್ತಾರೆ ಅಂತ ಕೇಳ್ಕೊ. ಹಾಗೇ ಆ ಮೋಟರ್ ಹಾಕ್ಬೋದು ಅಂತಾನೂ ಹೇಳ್ಬಿಡು, ಪಾಪ, ಇನ್ನೂ ಕಾಯ್ತಿರ್ತಾರೆ."